ಟೋಸ್ಟಿನ ಲೋಟಕ್ಕೆ ಯಾವ ವೈನ್?

ಕಳೆದ ವರ್ಷ ಆಗಮನ ಕಾಲದ ಮೊದಲ ವಾರದಲ್ಲಿ ನಮ್ಮ ವಾಳೆಯ ಹಿರಿಯರೊಬ್ಬರು ಸಂಜೆಯ ಹೊತ್ತಿಗೆ ಮನೆಗೆ ಬಂದರು. ಕೈಯಲ್ಲಿ ನಾಲ್ಕಾಗಿ ಮಡಚಿದ ಕಾಗದವೊಂದಿತ್ತು. ಜನವರಿಯಲ್ಲಿ ಅವರ ಮಗಳ ಮದುವೆ. ಸಭಾಭವನ, ಊಟ, ಬ್ಯಾಂಡು, ಕೇಕು ಎಂದು ಖರ್ಚಿನ ಪಟ್ಟಿ ಸಾಗಿ, ಕೊನೆಯಲ್ಲಿ ಬೇರೆ ಕೈಬರಹದಲ್ಲಿ ಒಂದು ಸಾಲು ಸೇರಿಕೊಂಡಿತ್ತು: ಶಾಂಪೇನ್ 24 ಬಾಟಲಿ, ರೂ. 1,44,000. ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವ ಮಗ ಫೋನಿನಲ್ಲಿ ಹೇಳಿ ಬರೆಸಿದ್ದು ಅದು. ಟೋಸ್ಟಿಗೆ ಒಳ್ಳೆಯ ವೈನ್ ಇಲ್ಲದಿದ್ದರೆ ಗಂಡಿನ ಕಡೆಯವರು ಏನೆಂದುಕೊಂಡಾರು ಎಂಬುದು ಅವನ ಚಿಂತೆ. "ಮಾಸ್ಟ್ರೇ, ಸಭಾಭವನಕ್ಕೇ ಸೊಸೈಟಿಯಲ್ಲಿ ಸಾಲ ಎತ್ತಿದ್ದೇನೆ. ಇದಕ್ಕೆ ಇನ್ನೆಲ್ಲಿಗೆ ಹೋಗಲಿ?" ಎಂದು ಕೇಳಿ ಅವರು ಸುಮ್ಮನೆ ಕುಳಿತರು.

ನನ್ನ ಬಳಿಗೆ ಅವರು ಬಂದುದಕ್ಕೆ ಕಾರಣವುಂಟು. ನನ್ನ ಸೋದರಳಿಯ ನಾಸಿಕದ ದ್ರಾಕ್ಷಿ ತೋಟವೊಂದರಲ್ಲಿ ಕೆಲವು ವರ್ಷ ಕೆಲಸ ಮಾಡಿದವನು. ರಜೆಗೆ ಬಂದಾಗಲೆಲ್ಲ ಎರಡು ಮೂರು ಬಗೆಯ ವೈನನ್ನು ಮೇಜಿನ ಮೇಲಿಟ್ಟು ಪಾಠ ಹೇಳುತ್ತಿದ್ದನು. ಜೀವಮಾನವಿಡೀ ಪಾಠ ಹೇಳಿದ ನಾನು ನಿವೃತ್ತಿಯ ಬಳಿಕ ಅವನ ಶಿಷ್ಯನಾದೆ. ಆ ಕಲಿಕೆಯಿಂದ ಆ ಸಂಜೆ ಹಿರಿಯರಿಗೆ ಹೇಳಿದ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮದುವೆ, ಕ್ರಿಸ್ಮಸ್, ಬೆಳ್ಳಿಹಬ್ಬಗಳೆಂದು ವರ್ಷಕ್ಕೊಮ್ಮೆಯಾದರೂ ವೈನ್ ಕೊಳ್ಳುವ ಕುಟುಂಬಗಳು ನಮ್ಮಲ್ಲಿ ಕಡಿಮೆಯಿಲ್ಲ. ಏನನ್ನು ಕೊಳ್ಳುತ್ತಿದ್ದೇವೆಂದು ತಿಳಿದು ಕೊಳ್ಳುವವರು ಮಾತ್ರ ವಿರಳ.

ನಮ್ಮ ರಾಜ್ಯದಲ್ಲಿ 'ವೈನ್ಸ್' ಎಂದು ದೊಡ್ಡ ಅಕ್ಷರದ ಫಲಕ ಹಾಕಿದ ಅಂಗಡಿಗಳಲ್ಲಿ ಬ್ರಾಂದಿ, ವಿಸ್ಕಿಗಳು ಎದುರಿಗಿರುತ್ತವೆ. ವೈನ್ ಮಾತ್ರ ಮೂಲೆಯ ಕಪಾಟಿನಲ್ಲಿ ಧೂಳು ಹಿಡಿದಿರುತ್ತದೆ. ಆ ಮೂಲೆಯಲ್ಲಿಯೂ ನಮ್ಮವರ ಕೈ ಮೊದಲು ಹೋಗುವುದು ಪೋರ್ಟ್ ವೈನಿಗೆ. ಅದರಲ್ಲಿ ಆಶ್ಚರ್ಯವೇನಿಲ್ಲ. ಅಜ್ಜಿಯಂದಿರು ಭರಣಿಯಲ್ಲಿ ಕಪ್ಪು ದ್ರಾಕ್ಷಿ, ಸಕ್ಕರೆ, ಗೋಧಿ, ಲವಂಗ ಹಾಕಿ ಬಟ್ಟೆ ಕಟ್ಟಿಟ್ಟು ಕ್ರಿಸ್ಮಸ್ ದಿನ ಸೋಸಿ ಕೊಡುತ್ತಿದ್ದುದೂ, ಗೋವೆಯ ನೆಂಟರು ತರುತ್ತಿದ್ದುದೂ ಸಿಹಿಯಾದುದೇ. ನಮ್ಮ ನಾಲಿಗೆ ಹಾಗೆ ಪಳಗಿದೆ. ಆದುದರಿಂದಲೇ ಮೊದಲ ಬಾರಿ ಸಿಹಿಯಿಲ್ಲದ ಕೆಂಪು ವೈನ್ ಕುಡಿದವನು ಮುಖ ಸಿಂಡರಿಸಿ, ಹಾಳಾಗಿದೆಯೆಂದು ಭಾವಿಸುತ್ತಾನೆ. ಹಾಳಾಗಿರುವುದಿಲ್ಲ. ಆ ಒಗರು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳಿಂದ ಬಂದುದು, ಎಳೆಯ ಗೇರುಹಣ್ಣಿನಲ್ಲಿರುವಂತೆ.

ಐನೂರು ರೂಪಾಯಿಯೊಳಗೆ ಸಿಗುವುದು ಬಹುಮಟ್ಟಿಗೆ ಈ ಪೋರ್ಟ್ ವೈನ್. ಪೋರ್ಚುಗಲ್‌ನ ಡೌರೊ ಕಣಿವೆಯ ನಿಜವಾದ ಪೋರ್ಟಿಗೂ ಇದಕ್ಕೂ ಹೆಸರಿನ ಹೊರತು ನಂಟು ಅಲ್ಪ. ಅಲ್ಲಿ ರಸ ಹುದುಗುತ್ತಿರುವಾಗಲೇ ದ್ರಾಕ್ಷಿಯ ಮದ್ಯಸಾರವನ್ನು ಬೆರೆಸಿ ಹುದುಗನ್ನು ನಿಲ್ಲಿಸುತ್ತಾರೆ; ಹಣ್ಣಿನ ಸಕ್ಕರೆ ಹಾಗೆಯೇ ಉಳಿದುಕೊಳ್ಳುತ್ತದೆ, ಮದ್ಯದ ಅಂಶ ಶೇಕಡಾ 20ರ ಆಸುಪಾಸಿಗೆ ಏರುತ್ತದೆ. ನಮ್ಮಲ್ಲಿಯದು ಸಾಮಾನ್ಯವಾಗಿ ಸಿಹಿಗೊಳಿಸಿದ ಕೆಂಪು ವೈನ್. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ತೋಟಗಳಲ್ಲಿ ಬೆಳೆಯುವ 'ಬೆಂಗಳೂರು ಬ್ಲೂ' ದ್ರಾಕ್ಷಿಯನ್ನು ಇಂತಹ ವೈನಿಗೆ ಧಾರಾಳವಾಗಿ ಬಳಸುತ್ತಾರೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಹಣ್ಣಿನ ಗಾಢ ಪರಿಮಳ ನಮ್ಮೆಲ್ಲರ ಬಾಲ್ಯಕ್ಕೆ ಪರಿಚಿತವಾದುದು. ಇದನ್ನು ಹೀಗಳೆಯುವ ಹೊಸ ಜಾಣರ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಕ್ರಿಸ್ಮಸ್ಸಿನ ಕೇಕು, ನೆವ್ರಿ, ಕಿಡಿಯೊಗಳೊಂದಿಗೆ ಇದಕ್ಕಿಂತ ಒಗ್ಗುವ ವೈನ್ ದೊರೆಯುವುದು ಕಷ್ಟ. ಸಿಹಿತಿಂಡಿಯೊಂದಿಗೆ ಕುಡಿಯುವ ವೈನ್ ತಿಂಡಿಗಿಂತಲೂ ಸಿಹಿಯಾಗಿರಬೇಕು. ಇಲ್ಲವಾದರೆ ಎರಡು ಸಾವಿರದ ಬಾಟಲಿಯೂ ಕುಸ್ವಾರ್ ತಟ್ಟೆಯ ಮುಂದೆ ಬರಿಯ ಹುಳಿನೀರಾಗುತ್ತದೆ. ಆದರೆ ಊಟಕ್ಕೆ ಪೋರ್ಟ್ ಸಲ್ಲದು.

ಊಟಕ್ಕೆ ಬೇಕಾದ ವೈನ್ ಸಾವಿರ ರೂಪಾಯಿಯ ಆಚೀಚೆ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಮಧ್ಯಮ ವರ್ಗದವರ ಹಣಕ್ಕೆ ಅತಿ ಹೆಚ್ಚು ಬೆಲೆ ಬರುವುದು ಇಲ್ಲಿಯೇ. ಬಾಟಲಿ, ಬಿರಡೆ, ಚೀಟಿ, ಸಾಗಾಟ, ಅಂಗಡಿಯವನ ಲಾಭ, ಇವು ಅಗ್ಗದ ಬಾಟಲಿಗೂ ತಪ್ಪಿದ್ದಲ್ಲ. ಅಷ್ಟೆಲ್ಲ ಕಳೆದ ಮೇಲೆ ಅಗ್ಗದುದರಲ್ಲಿ ಒಳಗಿನ ರಸಕ್ಕೆ ಉಳಿಯುವ ಹಣ ಸ್ವಲ್ಪವೇ. ನಾಲ್ಕುನೂರು ರೂಪಾಯಿ ಹೆಚ್ಚು ಕೊಟ್ಟಾಗ ಅದರ ಒಳ್ಳೆಯ ಪಾಲು ಹಣ್ಣಿಗೆ ಸಲ್ಲುತ್ತದೆ.

ಈ ದರ್ಜೆಯ ವೈನಿಗೆ ನಾವು ಬಹಳ ದೂರ ನೋಡಬೇಕಾಗಿಯೂ ಇಲ್ಲ. ಕನ್ವಲ್ ಗ್ರೋವರ್ ಎಂಬವರು ನಂದಿ ಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಯ ದ್ರಾಕ್ಷಿಗಳನ್ನು ನೆಟ್ಟು 1988ರಲ್ಲಿ ಸಂಸ್ಥೆ ಕಟ್ಟಿದಾಗ ಈ ದೇಶದಲ್ಲಿ ಊಟದ ವೈನಿಗೆ ಗಿರಾಕಿಗಳೇ ಇರಲಿಲ್ಲವೆನ್ನಬಹುದು. ಅದೇ ಇಂದು ಗ್ರೋವರ್ ಜಂಪಾ ಎಂದು ಹೆಸರಾಗಿದೆ. ಅವರ 'ಲಾ ರಿಸರ್ವ್' ಕೆಂಪು ವೈನನ್ನು ಕೇಳಿ ಪಡೆಯುವವರಿದ್ದಾರೆ. ನಾಸಿಕದ ಸುಲಾ 1999ರಲ್ಲಿ ಆರಂಭವಾಯಿತು. ಕರ್ನಾಟಕ ಸರಕಾರ 2007ರಲ್ಲಿ ವೈನ್ ನೀತಿಯನ್ನು ಜಾರಿಗೆ ತಂದ ಮೇಲೆ ನಮ್ಮಲ್ಲಿಯೂ ತಯಾರಕರು ಹೆಚ್ಚಿದರು. ಹಂಪಿಯ ಸಮೀಪದ ಗುಡ್ಡಗಳಲ್ಲಿ ಬೆಳೆದ ಕೃಸ್ಮಾ ಬೆಲೆಯಲ್ಲಿ ಮೇಲಿನ ಸಾಲಿನದು. ಬೆಳ್ಳಿಹಬ್ಬಕ್ಕೊಂದು ಬಾಟಲಿ ಎಂಬಂತೆ ಕೊಳ್ಳತಕ್ಕದ್ದು.

ಇನ್ನು ನಮ್ಮ ಅಡುಗೆಯ ಪ್ರಶ್ನೆ. ಇಂಗ್ಲಿಷ್ ಪುಸ್ತಕಗಳಲ್ಲಿ ಮಾಂಸಕ್ಕೆ ಕೆಂಪು, ಮೀನಿಗೆ ಬಿಳಿ ಎಂದು ಬರೆದಿರುತ್ತದೆ. ಆ ಪುಸ್ತಕ ಬರೆದವರು ಬಫಾತ್ ಪುಡಿ ಹಾಕಿದ ಡುಕ್ರಾಮಾಸ್ ತಿಂದವರಲ್ಲ. ಮೆಣಸಿನ ಖಾರ, ವಿನೆಗರಿನ ಹುಳಿ, ಹಂದಿಯ ಜಿಡ್ಡು ಮೂರೂ ಕೂಡಿದ ಆ ಪದಾರ್ಥದ ಮುಂದೆ ಗಾಢವಾದ ಕೆಂಪು ವೈನಿನ ಒಗರು ಕಹಿಯಾಗಿ ಮಾರ್ಪಡುತ್ತದೆ, ಖಾರವೂ ಇಮ್ಮಡಿಯಾಗುತ್ತದೆ. ನಾನು ಇದನ್ನು ಒಂದು ಈಸ್ಟರ್ ಹಬ್ಬದ ಮಧ್ಯಾಹ್ನ ಸ್ವತಃ ಅನುಭವಿಸಿದ್ದೇನೆ. ಅಲ್ಲಿಗೆ ತಕ್ಕುದು ತುಸುವೇ ಸಿಹಿ ಉಳಿಸಿಕೊಂಡ, ಚೆನ್ನಾಗಿ ತಂಪು ಮಾಡಿದ ಬಿಳಿ ವೈನ್. ಶೆನಿನ್ ಬ್ಲಾಂಕ್ ಎಂಬ ತಳಿಯದಾದರೆ ಬಹಳ ಒಳ್ಳೆಯದು. ಫ್ರಾನ್ಸಿನ ಲ್ವಾರ್ ಕಣಿವೆಯ ಈ ತಳಿ ನಾಸಿಕದಲ್ಲಿ ಚೆನ್ನಾಗಿ ಬೇರೂರಿದೆ. ತಿಳಿಗೆಂಪು ಬಣ್ಣದ ರೋಸೆಯೂ ಸಾನ್ನಾ, ಕೋಳಿಸುಕ್ಕದೊಂದಿಗೆ ಸೊಗಸಾಗಿ ಹೋಗುತ್ತದೆ. ಕಾಣೆ ಮೀನಿನ ಫ್ರೈಗೆ ಸೊವಿನ್ಯೋ ಬ್ಲಾಂಕ್ ಸರಿ. ಅದರ ಹುಳಿ ಲಿಂಬೆ ಹಿಂಡಿದ ಕೆಲಸವನ್ನೇ ಮಾಡುತ್ತದೆ. ಕೆಂಪು ವೈನೇ ಬೇಕೆಂಬವರು ಶಿರಾಜ್ ಕೊಂಡು ಖಾರ ಕಡಿಮೆಯಿರುವ ರೋಸ್ಟಿನೊಂದಿಗೆ ಕುಡಿಯಲಿ.

ಬಾಟಲಿಯ ಮೇಲಿನ ಇಸವಿಯನ್ನು ನೋಡುವುದನ್ನು ಮರೆಯಬೇಡಿ. ನಮ್ಮ ದೇಶದಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಬಹುಮಟ್ಟಿಗೆ ಜನವರಿಯಿಂದ ಮಾರ್ಚ್ ಒಳಗೆ ಮುಗಿಯುತ್ತದೆ. ಆ ಲೆಕ್ಕದಲ್ಲಿ ಬಿಳಿ ವೈನನ್ನು ಎರಡು ವರ್ಷದೊಳಗೆ ಕುಡಿದು ಮುಗಿಸುವುದು ಮೇಲು. ಹಳೆಯದಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಬಹಳ ಕೆಲವೇ ವೈನ್‌ಗಳಿಗೆ ಅನ್ವಯಿಸುವಂಥದು. ಈ ನಂಬಿಕೆಯಿಂದ ನಾನೇ ಮೋಸಹೋದೆ. ಮಗ ಕೊಟ್ಟ ಬೆಲೆಬಾಳುವ ಕೆಂಪು ವೈನೊಂದನ್ನು ನಮ್ಮ ವಿವಾಹದ ನಲವತ್ತನೇ ವರ್ಷಕ್ಕೆಂದು ಎರಡು ಬೇಸಗೆ ಕಾಲ ಫ್ರಿಜ್ಜಿನ ತಲೆಯ ಮೇಲೆ ನೆಟ್ಟಗೆ ನಿಲ್ಲಿಸಿದ್ದೆ. ಕೆಳಗಿನಿಂದ ಯಂತ್ರದ ಬಿಸಿ, ಮೇಲಿನಿಂದ ಹೆಂಚಿನ ಬಿಸಿ. ತೆರೆದಾಗ ಬಿರಡೆ ಒಣಗಿ ಪುಡಿಯಾಯಿತು. ಒಳಗಿದ್ದುದು ಬೇಯಿಸಿದ ಒಣದ್ರಾಕ್ಷಿಯ ನೀರಿನಂತಿತ್ತು. ಮನೆಯಾಕೆ ಒಂದು ಮಾತೂ ಆಡದೆ ಅದನ್ನು ಅಡುಗೆಮನೆಗೆ ಒಯ್ದಳು. ಆ ವಾರದ ಮಾಂಸದ ಪದಾರ್ಥ ಎಂದಿಗಿಂತ ಹುಳಿಯಾಗಿತ್ತೆಂದು ನೆನಪು.

ಕರಾವಳಿಯ ಸೆಕೆಯಲ್ಲಿ ವೈನಿನ ಶತ್ರು ಬಿಸಿಯೇ. ಅಂಗಡಿಯಲ್ಲಿ ಬಿಸಿಲು ಬೀಳುವ ಗಾಜಿನ ಕಪಾಟಿನಿಂದ ಎತ್ತಿ ಕೊಡುವ ಬಾಟಲಿಯನ್ನು, ಅದೆಷ್ಟೇ ಹೆಸರಾಂತದ್ದಾಗಿರಲಿ, ಬೇಡವೆನ್ನಿ. ಮನೆಯಲ್ಲಿ ಕತ್ತಲೆಯ, ತಂಪಾದ ಮೂಲೆಯಲ್ಲಿ ಅಡ್ಡ ಮಲಗಿಸಿಡಿ. ತಿರುಪಿನ ಮುಚ್ಚಳದ ಬಾಟಲಿಯನ್ನು ನಿಲ್ಲಿಸಿಟ್ಟರೂ ಬಾಧಕವಿಲ್ಲ, ಅದು ಕೀಳು ಎಂಬ ಭಾವನೆಯೂ ಬೇಡ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಕೋಣೆಗಳಲ್ಲಿ. ನಮ್ಮ ಮೂವತ್ತು ಡಿಗ್ರಿಯ ಕೋಣೆಗೆ ಅದು ಹೊಂದುವುದಿಲ್ಲ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ.

ಪರದೇಶದ ವೈನ್ ಕುರಿತು ಒಂದೆರಡು ಮಾತು. ಅದಕ್ಕೆ ನಮ್ಮಲ್ಲಿ ಬಹುಕಾಲ ಶೇಕಡಾ 150ರಷ್ಟು ಆಮದು ಸುಂಕವಿತ್ತು. 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ಆಸ್ಟ್ರೇಲಿಯಾ ಒಪ್ಪಂದದಿಂದ, 5 ಡಾಲರಿಗಿಂತ ಹೆಚ್ಚಿನ ಆಮದು ಬೆಲೆಯ ಅಲ್ಲಿನ ಬಾಟಲಿಗಳ ಸುಂಕ ಶೇಕಡಾ 100ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಅದು 50ಕ್ಕೆ ಇಳಿಯಬೇಕಾಗಿದೆ. ರಾಜ್ಯದ ಅಬಕಾರಿ ತೆರಿಗೆ ಬೇರೆ. ಹಾಗಾಗಿ ಇಲ್ಲಿ ಒಂದೂವರೆ ಸಾವಿರಕ್ಕೆ ಮಾರುವ ಪರದೇಶದ ವೈನ್ ತನ್ನ ಊರಿನಲ್ಲಿ ಬಡವರ ಬಾಟಲಿಯಾಗಿರುವುದು ಅಪರೂಪವಲ್ಲ. ನಾವು ಹಣ ತೆರುವುದು ಹಡಗಿಗೆ ಮತ್ತು ಸುಂಕಕ್ಕೆ. ಗೋವೆಯಲ್ಲಿ ಅಗ್ಗವೆಂದು ಬಸ್ಸಿನಲ್ಲಿ ಪೆಟ್ಟಿಗೆಗಟ್ಟಲೆ ತರುವವರಿಗೂ ಒಂದು ಎಚ್ಚರಿಕೆ: ಪರವಾನಗಿಯಿಲ್ಲದೆ ಗಡಿ ದಾಟಿಸುವುದು ಅಬಕಾರಿ ಅಪರಾಧ.

ಹಿರಿಯರ ಕಾಗದಕ್ಕೆ ಮರಳೋಣ. ಶಾಂಪೇನ್ ಎಂಬುದು ಫ್ರಾನ್ಸಿನ ಆ ಹೆಸರಿನ ಪ್ರಾಂತದ ನೊರೆಯುವ ವೈನಿಗಷ್ಟೇ ಸಲ್ಲುವ ಹೆಸರು. ಬಾಟಲಿಯೊಳಗೇ ಎರಡನೆಯ ಬಾರಿ ಹುದುಗಿಸುವ ಅದೇ ಕ್ರಮದಲ್ಲಿ ನಾಸಿಕದಲ್ಲಿಯೂ ವೈನ್ ತಯಾರಾಗುತ್ತದೆ, ಬೆಲೆ ಎಷ್ಟೋ ಕಡಿಮೆ. ಅತಿಥಿಗಳು 320. ಮಕ್ಕಳು ಮತ್ತು ಕುಡಿಯದವರು 80 ಎಂದು ಹಿಡಿದರೆ ಉಳಿದವರು 240. ಟೋಸ್ಟಿಗೆ ಒಬ್ಬರಿಗೆ 50 ಮಿಲಿಲೀಟರ್ ಧಾರಾಳವಾಯಿತು. 750 ಮಿಲಿಲೀಟರಿನ ಒಂದು ಬಾಟಲಿ 15 ಜನರಿಗೆ ಬರುತ್ತದೆ. ಒಟ್ಟು 16 ಬಾಟಲಿ. ಒಂಬೈನೂರರ ಶೆನಿನ್ ಕೊಂಡರೆ ರೂ. 14,400. ವಧೂವರರ ಮೇಜಿಗೆ ನಮ್ಮ ದೇಶದ್ದೇ ನೊರೆಯುವ ವೈನ್ ಎರಡು ಬಾಟಲಿ. ಎಲ್ಲ ಸೇರಿ ಹದಿನೆಂಟು ಸಾವಿರದೊಳಗೆ ಮುಗಿಯುತ್ತದೆ. ಕಾನಾ ಊರಿನ ಮದುವೆಯಲ್ಲಿ ಆರು ಕಲ್ಲಿನ ಬಾನೆಗಳ ನೀರು ವೈನಾಯಿತೆಂದು ಯೋಹಾನನ ಸುವಾರ್ತೆಯಲ್ಲಿದೆ. ಇಂದಿನ ಲೆಕ್ಕದಲ್ಲಿ ಆರುನೂರು ಬಾಟಲಿಗೂ ಮಿಕ್ಕೀತು. ಅಷ್ಟು ನಮಗೆ ಬೇಕಿಲ್ಲ ಎಂದಾಗ ಹಿರಿಯರು ಆ ಸಂಜೆ ಮೊದಲ ಬಾರಿ ನಕ್ಕರು.

ಆದರೆ ಮತ್ತೊಂದು ಸಂಗತಿಯನ್ನು ಅವರು ತಡೆದು ತಡೆದು ಹೇಳಿದರು. ಮದುಮಗಳ ಸೋದರಮಾವ ಕುಡಿತ ಬಿಟ್ಟು ನಾಲ್ಕು ವರ್ಷಗಳಾಗಿದ್ದವು. ಆ ಮನೆ ಹಿಂದೆ ಪಟ್ಟ ಪಾಡು ನಮ್ಮ ವಾಳೆಗೆಲ್ಲ ತಿಳಿದದ್ದೇ. ಟೋಸ್ಟಿನ ಹೊತ್ತಿಗೆ ಅವರ ಕೈಗೆ ಏನು ಕೊಡುವುದು? ಬರಿಗೈಯಲ್ಲಿ ನಿಲ್ಲಿಸಿದರೆ ಸಭೆಯೆಲ್ಲ ನೋಡುತ್ತದೆ. ನಾನು ಹೇಳಿದೆ: ಬಲಿಪೂಜೆಯ ದ್ರಾಕ್ಷಾರಸ ಬೇರೇನೂ ಬೆರೆಯದ, ದ್ರಾಕ್ಷಿಯಿಂದಲೇ ಆದ ಶುದ್ಧ ವೈನ್ ಆಗಿರಬೇಕೆಂದು 1983ರ ಧರ್ಮಸಭಾ ಕಾನೂನಿನ 924ನೇ ವಿಧಿ ಕಟ್ಟುನಿಟ್ಟಾಗಿ ಹೇಳುತ್ತದೆ. ಹಾಗಿದ್ದೂ, ಮದ್ಯ ಸಲ್ಲದ ಧರ್ಮಗುರುವಿಗೆ ಬಿಷಪರ ಅನುಮತಿಯಿಂದ 'ಮುಸ್ತುಮ್' ಬಳಸಲು ಅವಕಾಶವುಂಟು. ಅದು ಹುದುಗು ಏರದಂತೆ ಕಾದಿಟ್ಟ ದ್ರಾಕ್ಷಿಯ ರಸ. ಪೀಠದ ಮೇಲೆ ಸಲ್ಲುವುದು ಸಭಾಭವನದಲ್ಲಿ ಸಲ್ಲದೇನು? ಪ್ರತಿಯೊಂದು ತಟ್ಟೆಯಲ್ಲೂ ಅರ್ಧ ಲೋಟಗಳಲ್ಲಿ ತಿಳಿಬಣ್ಣದ ದ್ರಾಕ್ಷಿರಸವಿರಲಿ, ಲೋಟ ಮಾತ್ರ ಒಂದೇ ಬಗೆಯದಾಗಿರಲಿ, ಬಡಿಸುವವರಿಗೆ ಯಾವ ಸಾಲು ಯಾವುದೆಂದು ಮೊದಲೇ ತಿಳಿಸಿಡಿ ಎಂದೆ.

ಮಗನನ್ನು ಒಪ್ಪಿಸಲು ಮೂರು ಫೋನ್ ಬೇಕಾದವು. ಆ ದಿನದ ಮಟ್ಟಿಗೆ ಅಬಕಾರಿ ಇಲಾಖೆಯ ಪರವಾನಗಿಯನ್ನೂ ಪಡೆದದ್ದಾಯಿತು. ಸಭಾಭವನದಲ್ಲಿ ಬಡಿಸುವವರು ಇದನ್ನು ಮರೆಯಬಾರದು. ಮದುವೆಯ ಮಧ್ಯಾಹ್ನ ದೊಡ್ಡ ಟಬ್ಬಿನಲ್ಲಿ ಮಂಜುಗಡ್ಡೆಗೆ ನೀರು ಸೇರಿಸಿ ಬಾಟಲಿಗಳನ್ನು ಮುಳುಗಿಸಿಟ್ಟೆವು. ಬರಿಯ ಮಂಜುಗಡ್ಡೆಗಿಂತ ನೀರು ಬೆರೆತದ್ದು ಬೇಗ ತಂಪು ಮಾಡುತ್ತದೆ. ಅರ್ಧ ಗಂಟೆ ಸಾಕಾಯಿತು.

ಟೋಸ್ಟ್ ಎತ್ತಲು ವಧುವಿನ ಕಡೆಯಿಂದ ಕರೆದದ್ದು ಆ ಸೋದರಮಾವನನ್ನೇ. ಅವರು ಲೋಟ ಎತ್ತಿ ನಾಲ್ಕು ಮಾತಾಡಿ, ಒಂದೇ ಗುಟುಕಿಗೆ ಕುಡಿದು ಕೆಳಗಿಟ್ಟರು. ಯಾರೂ ಲೋಟದತ್ತ ನೋಡಲಿಲ್ಲ. ಗಂಡಿನ ತಂದೆ ನನ್ನ ಬಳಿ ಬಂದು, ಇದು ಯಾವ ದೇಶದ ವೈನ್ ಎಂದು ವಿಚಾರಿಸಿದರು. ನಾಸಿಕ ಎಂದೆ. ನಂಬಿದಂತೆ ತೋರಲಿಲ್ಲ.

ಮಿಕ್ಕಿದ ಒಂದು ಬಾಟಲಿಯನ್ನು ಹಿರಿಯರು ಮರುದಿನ ನಮ್ಮ ಮನೆಗೆ ತಂದುಕೊಟ್ಟರು. ಈ ಸಲ ಅದನ್ನು ಫ್ರಿಜ್ಜಿನ ಮೇಲಿಡದೆ ಒಳಗಿಟ್ಟೆವು, ತೀರ ಕೆಳಗಿನ ಅರೆಯಲ್ಲಿ, ಈಸ್ಟರ್ ಹಬ್ಬದ ಡುಕ್ರಾಮಾಸಿಗೆಂದು.