ಪದಬಂಧ: ಉತ್ತರ ಹೇಳಬೇಡಿ, ಮೊದಲಕ್ಷರ ಹೇಳಿ

ಬೆಳಿಗ್ಗೆ ಪತ್ರಿಕೆ ಬಂದೊಡನೆ ಕೆಲವರು ಮೊದಲು ತೆರೆಯುವುದು ಮುಖಪುಟವನ್ನಲ್ಲ, ಪದಬಂಧದ ಪುಟವನ್ನು. ಕೈಯಲ್ಲೊಂದು ಪೆನ್ನು, ಪಕ್ಕದಲ್ಲಿ ಕಾಫಿ ಲೋಟ. ಎದುರಿಗೆ ಯಾರಾದರೂ ಹಾದುಹೋದರೆ ಸಾಕು, 'ರಾವಣನ ಹೆಂಡತಿ, ನಾಲ್ಕಕ್ಷರ, ಏನದು?' ಎಂಬ ಪ್ರಶ್ನೆ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇರಬಹುದು. ಆಗ ನೀವೇನು ಮಾಡುತ್ತೀರಿ? ಗಡಿಬಿಡಿಯಲ್ಲಿ 'ಮಂಡೋದರಿ' ಎಂದು ಹೇಳಿ ಹೋಗಿಬಿಡುತ್ತೀರಿ, ಇಲ್ಲವೇ 'ಅಷ್ಟೂ ಗೊತ್ತಿಲ್ಲವೇ?' ಎಂದು ನಗುತ್ತೀರಿ. ಇವೆರಡೂ ಬೇಡ ಎಂಬುದು ನನ್ನ ಸಲಹೆ. ಏಕೆಂದು ತಿಳಿಯಲು ಒಂದು ಪ್ರಸಂಗ ಕೇಳಿ.

ನನ್ನ ಬಳಿ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿದ್ದಾರೆ. ವಯಸ್ಸು ಅರವತ್ತೊಂಬತ್ತು. ಒಮ್ಮೆ ತಪಾಸಣೆಗೆ ಅವರೊಡನೆ ಮಗ, ಸೊಸೆ ಇಬ್ಬರೂ ಬಂದಿದ್ದರು. ಹೊರಡುವಾಗ ಸೊಸೆ ಸ್ವಲ್ಪ ಹಿಂಜರಿಯುತ್ತಲೇ ಹೇಳಿದರು: 'ಡಾಕ್ಟ್ರೇ, ಮಾವನವರು ಈಗ ಪದಬಂಧಕ್ಕೆ ದಿನಾ ನನ್ನನ್ನೇ ಕರೀತಾರೆ. ಮೊದಲೆಲ್ಲ ಅವರೇ ನನಗೆ ಹೇಳಿಕೊಡ್ತಿದ್ದರು.' ಮಗ ನಕ್ಕರು. 'ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ಅಷ್ಟೇ ಡಾಕ್ಟ್ರೇ.' ಮೇಷ್ಟರು ಮಾತಾಡಲಿಲ್ಲ, ತಲೆ ತಗ್ಗಿಸಿ ಕುಳಿತಿದ್ದರು.

ನಾನು ಸೊಸೆಯನ್ನು ಕೇಳಿದೆ: 'ನೀವು ಮೊದಲಕ್ಷರ ಹೇಳಿದರೆ ಅವರಿಗೆ ಹೊಳೆಯುತ್ತದೆಯೇ?' 'ಹೇಳಿದ ತಕ್ಷಣ ಹೊಳೆಯುತ್ತೆ. ಆದರೆ ತಾವಾಗಿ ಬರೋದೇ ಇಲ್ಲ' ಎಂದರು. ಈ ಉತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡು ಮೇಷ್ಟರನ್ನು ಮತ್ತೆ ಪರೀಕ್ಷಿಸಿದೆ. ಪಾದಗಳಲ್ಲಿ ಜೋಮು, ಕತ್ತಲಲ್ಲಿ ನಡೆದರೆ ತೂರಾಡಿದಂತಾಗುವುದು, ಸದಾ ಆಯಾಸ. ರಕ್ತ ಪರೀಕ್ಷೆಯಲ್ಲಿ ಬಿ-12 ಜೀವಸತ್ವ ತೀರಾ ಕಡಿಮೆಯಿತ್ತು. ಅವರು ಶುದ್ಧ ಸಸ್ಯಾಹಾರಿ. ಜೊತೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ ಸೇವಿಸುತ್ತಿದ್ದರು. ಈ ಎರಡೂ ಸೇರಿದರೆ ಬಿ-12 ಕೊರತೆಯಾಗುವುದು ಅಪರೂಪವೇನಲ್ಲ. ಇಂಜೆಕ್ಷನ್ ಆರಂಭಿಸಿದೆವು. ಕೆಲವು ತಿಂಗಳಲ್ಲಿ ಅವರು ಚೇತರಿಸಿಕೊಂಡರು. ಈಗಲೂ ಬೆಳಿಗ್ಗೆ ಸೊಸೆಯನ್ನು ಕೂಗಿ ಕರೆಯುತ್ತಾರಂತೆ, ಮುಗಿಸಿದ ಪದಬಂಧ ತೋರಿಸಲು!

ಅಂದು ಸೊಸೆ ಸುಮ್ಮನೆ ಉತ್ತರ ಹೇಳಿಕೊಂಡೇ ಇದ್ದಿದ್ದರೆ, ಮಗನಂತೆ ನಕ್ಕು ಬಿಟ್ಟಿದ್ದರೆ, ನರಗಳಿಗೆ ಇನ್ನಷ್ಟು ಹಾನಿಯಾಗುವವರೆಗೂ ಯಾರಿಗೂ ತಿಳಿಯುತ್ತಿರಲಿಲ್ಲ. ಈ ಕೊರತೆ ಹಳೆಯದಾದಷ್ಟೂ ಪೂರ್ತಿ ಗುಣವಾಗುವುದು ಕಷ್ಟ.

ನಾಲಿಗೆಯ ತುದಿಯ ಪದ

ಪದವೊಂದರ ಅರ್ಥ ಗೊತ್ತಿರುತ್ತದೆ, ಪದ ಮಾತ್ರ ಬರುವುದಿಲ್ಲ. 'ನಾಲಿಗೆಯ ತುದಿಯಲ್ಲಿದೆ' ಎನ್ನುತ್ತೇವೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ 1966ರಲ್ಲಿ ಇದನ್ನು ಅಭ್ಯಸಿಸಿದರು. ಪದ ನೆನಪಾಗದಿದ್ದರೂ ಅದರ ಮೊದಲಕ್ಷರವನ್ನು, ಎಷ್ಟು ಉಚ್ಚಾರಾಂಶಗಳಿವೆ ಎಂಬುದನ್ನು ಎಷ್ಟೋ ಸಲ ಸರಿಯಾಗಿ ಹೇಳಬಲ್ಲೆವು ಎಂದು ಕಂಡುಬಂತು. ಅಂದರೆ ಪದ ಅಳಿಸಿಹೋಗಿಲ್ಲ, ಅದನ್ನು ಹೊರತೆಗೆಯುವ ದಾರಿ ಮಾತ್ರ ಮಂದವಾಗಿದೆ. ವಯಸ್ಸಾದಂತೆ ಇದು ಎಲ್ಲರಲ್ಲೂ ಹೆಚ್ಚುತ್ತದೆ. ಹೆದರಬೇಕಿಲ್ಲ.

ಕನ್ನಡ ಪದಬಂಧದಲ್ಲಿ ಈ ದಾರಿ ತೆರೆಯುವ ಉಪಾಯ ತಾನಾಗಿಯೇ ಇದೆ. ಒಂದು ಚೌಕಕ್ಕೆ ಗುಣಿತ, ಒತ್ತು ಸಮೇತ ಒಂದು ಅಕ್ಷರ. ಮೇಲಿನಿಂದ ಕೆಳಕ್ಕೆ 'ಕನ್ನಡಿ' ಎಂಬ ಸುಳಿವಿಗೆ 'ದರ್ಪಣ' ತುಂಬಿದರೆ, ಅಡ್ಡ ಹಾಯುವ ಮಂಡೋದರಿಯ 'ದ' ತಾನೇ ಸಿಗುತ್ತದೆ.

ನೆರವು ಹೇಗೆ ಕೊಡಬೇಕು?

ನಾವೇ ಯೋಚಿಸಿ ಹೊರತೆಗೆದ ಪದ, ಬರಿದೇ ಓದಿದ ಪದಕ್ಕಿಂತ ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆ. 1978ರಲ್ಲಿ ಸ್ಲಾಮೆಕಾ ಮತ್ತು ಗ್ರಾಫ್ ಎಂಬ ಸಂಶೋಧಕರು ಪ್ರಯೋಗಗಳ ಮೂಲಕ ಇದನ್ನು ತೋರಿಸಿದರು. ಆದ್ದರಿಂದ ಉತ್ತರ ಹೇಳುವುದು ಕೊನೆಯ ಮೆಟ್ಟಿಲಾಗಲಿ.

ಮೊದಲು ಒಂದಿಷ್ಟು ಹೊತ್ತು ಕಾಯಿರಿ. ಎಷ್ಟೋ ಸಲ ಅವರೇ ಹೇಳಿಬಿಡುತ್ತಾರೆ. ಬಾರದಿದ್ದರೆ ಅರ್ಥದ ಸುಳಿವು ಕೊಡಿ: 'ಇಂದ್ರಜಿತುವಿನ ತಾಯಿ.' ಆಗಲೂ ಬಾರದಿದ್ದರೆ ಅಡ್ಡ ಹಾಯುವ ಪದವನ್ನು ಇಬ್ಬರೂ ಸೇರಿ ತುಂಬಿ. ಅನಂತರ ಮೊದಲಕ್ಷರ: 'ಮಂ...' ಏನೂ ಫಲಿಸದಿದ್ದರೆ ಮಾತ್ರ ಉತ್ತರ ಹೇಳಿ. ಇದು ಪರೀಕ್ಷೆಯೆಂದು ಅವರಿಗೆ ಅನಿಸಬಾರದು. ಮಕ್ಕಳೆದುರು ಹಿರಿಯರನ್ನು ಹಂಗಿಸುವುದಂತೂ ಖಂಡಿತ ಕೂಡದು. ಒಮ್ಮೆ ಅವಮಾನವಾದರೆ ಅವರು ಕೇಳುವುದನ್ನೇ ಬಿಡುತ್ತಾರೆ, ತೊಂದರೆಯನ್ನೂ ಮುಚ್ಚಿಡುತ್ತಾರೆ.

ಯಾವಾಗ ಎಚ್ಚರ ವಹಿಸಬೇಕು?

ಪಕ್ಕದ ಮನೆಯವರೊಂದಿಗೆ ಹೋಲಿಸಬೇಡಿ. ಅವರು ಮೊದಲು ಹೇಗಿದ್ದರು, ಈಗ ಹೇಗಿದ್ದಾರೆ ಎಂಬುದನ್ನು ನೋಡಿ. ಮೊದಲಕ್ಷರ ಹೇಳಿದರೂ ಹೊಳೆಯದಿರುವುದು, ಉತ್ತರ ಹೇಳಿದ ಮೇಲೂ 'ಹಾಗೊಂದು ಪದವಿದೆಯೇ?' ಎನ್ನುವುದು, ಹತ್ತು ನಿಮಿಷದಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳುವುದು ಪದೇ ಪದೇ ಆಗುತ್ತಿದ್ದರೆ ವೈದ್ಯರನ್ನು ಕಾಣಿ. ಅಲ್‌ಜೈಮರ್ ಕಾಯಿಲೆಯಲ್ಲಿ ಹೊಸ ನೆನಪು ದಾಖಲಾಗುವುದೇ ಕುಂದುವುದರಿಂದ ಸುಳಿವೂ ಅಷ್ಟಾಗಿ ನೆರವಾಗುವುದಿಲ್ಲ. ಇದರ ಜೊತೆಗೆ ಲೆಕ್ಕಪತ್ರದಲ್ಲಿ ತಪ್ಪು, ಪರಿಚಿತ ಬೀದಿಯಲ್ಲಿ ದಾರಿ ತಪ್ಪುವುದು, ಮಾತಿನ ಮಧ್ಯೆ ವಸ್ತುಗಳ ಹೆಸರು ಬಾರದೆ 'ಅದು, ಇದು' ಎನ್ನುವುದು ಕಂಡರೆ ತಡಮಾಡಬೇಡಿ. ಆದರೆ ಪದಬಂಧ ನೋಡಿಯೇ ರೋಗ ನಿರ್ಧರಿಸಬೇಡಿ, ಅದು ವೈದ್ಯರ ಕೆಲಸ.

ಮರೆವೆಲ್ಲ ಅಲ್‌ಜೈಮರ್ ಅಲ್ಲ. ಬಿ-12 ಕೊರತೆ, ಥೈರಾಯ್ಡ್ ಗ್ರಂಥಿಯ ಮಂದತೆ, ಮಾನಸಿಕ ಖಿನ್ನತೆ, ನಿದ್ರೆ ಮಾತ್ರೆ, ಕೆಲವು ನೆಗಡಿ ಮಾತ್ರೆಗಳು, ಮದ್ಯಪಾನ, ತಿಂಗಳ ಹಿಂದೆ ಬಿದ್ದು ತಲೆಯೊಳಗೆ ನಿಧಾನವಾಗಿ ಶೇಖರವಾದ ರಕ್ತ, ಇವೆಲ್ಲ ಮರೆವು ತರಬಲ್ಲವು. ಇವುಗಳಿಗೆ ಚಿಕಿತ್ಸೆ ಇದೆ. ಕಣ್ಣಿನ ಪೊರೆ ಬೆಳೆದು ಸಣ್ಣ ಅಕ್ಷರ ಕಾಣದೆ ಪದಬಂಧ ಬಿಟ್ಟವರನ್ನೂ ನಾನು ಕಂಡಿದ್ದೇನೆ. ಮೊದಲು ಕನ್ನಡಕ ಪರೀಕ್ಷಿಸಿ!

ಇನ್ನೊಂದು ಮಾತು. ನಿನ್ನೆಯವರೆಗೆ ಸರಿಯಿದ್ದವರು ಇದ್ದಕ್ಕಿದ್ದಂತೆ ಓದಲಾರದೆ, ಬರೆಯಲಾರದೆ ತಡವರಿಸಿದರೆ, ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಕೈಯಿಂದ ಪೆನ್ನು ಜಾರಿದರೆ ಅದು ಮರೆವಲ್ಲ, ಪಾರ್ಶ್ವವಾಯು ಇರಬಹುದು. ರಕ್ತದ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. 'ಸ್ವಲ್ಪ ಮಲಗಲಿ' ಎನ್ನದೆ 108ಕ್ಕೆ ಕರೆ ಮಾಡಿ.

ಪದಬಂಧ ಔಷಧವೇ?

ಅಮೆರಿಕದಲ್ಲಿ 107 ಮಂದಿ ಅಲ್ಪ ಮರೆವಿನ ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಂಪ್ಯೂಟರ್ ಆಟಗಳಿಗಿಂತ ಪದಬಂಧ ಬಿಡಿಸಿದವರಲ್ಲಿ ಫಲ ಸ್ವಲ್ಪ ಉತ್ತಮವಾಗಿತ್ತು. ಆದರೆ 2018ರಲ್ಲಿ ಪ್ರಕಟವಾದ ಸ್ಕಾಟ್ಲೆಂಡ್‌ನ ಅಧ್ಯಯನವೊಂದು, ಇಂಥ ಹವ್ಯಾಸ ಬುದ್ಧಿಯ ಮಟ್ಟವನ್ನು ಎತ್ತರದಲ್ಲಿಡಬಹುದು, ಮುಪ್ಪಿನ ಇಳಿಕೆಯ ವೇಗವನ್ನು ತಡೆಯಲಾರದು ಎಂದಿತು. ಹಾಗಾಗಿ ಪದಬಂಧವನ್ನೇ ನಂಬಿ ರಕ್ತದೊತ್ತಡದ ಮಾತ್ರೆ, ಸಂಜೆಯ ನಡಿಗೆ, ಕಿವಿಯ ತಪಾಸಣೆ ಬಿಡಬೇಡಿ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಬುದ್ಧಿಮಾಂದ್ಯದ ಈ ಕಾಯಿಲೆಗಳಿವೆ.

ಎಲ್ಲರ ಕಥೆಯೂ ಮೇಷ್ಟರ ಕಥೆಯಂತೆ ಮುಗಿಯುವುದಿಲ್ಲ. ನನಗೆ ಪರಿಚಯದ ಅಜ್ಜಿಯೊಬ್ಬರಿಗೆ ಈಗ ಯಾವ ಸುಳಿವೂ ನೆರವಾಗದು. ಆದರೂ ಮೊಮ್ಮಗ ದಿನಾ ಸಂಜೆ ಪತ್ರಿಕೆ ಹಿಡಿದು ಪಕ್ಕದಲ್ಲಿ ಕೂರುತ್ತಾನೆ. ಅವನು ಸುಳಿವು ಓದುತ್ತಾನೆ, ಅಜ್ಜಿ ತೋಚಿದ್ದು ಹೇಳುತ್ತಾರೆ, ಅವನು ಅದನ್ನೇ ಬರೆಯುತ್ತಾನೆ. ಆ ಅರ್ಧ ಗಂಟೆ ಅಜ್ಜಿ ಗಾಬರಿಯಿಲ್ಲದೆ ಶಾಂತವಾಗಿರುತ್ತಾರೆ. ಅದಕ್ಕೆ ನಾನು ಬರೆದುಕೊಡಬಹುದಾದ ಮಾತ್ರೆ ಯಾವುದೂ ಇಲ್ಲ.

ನಾಳೆ ಬೆಳಿಗ್ಗೆ ನಿಮ್ಮ ತಂದೆಯೋ ಅತ್ತೆಯೋ 'ನಾಲ್ಕಕ್ಷರ, ಏನದು?' ಎಂದು ಕೇಳಿದರೆ ಐದು ನಿಮಿಷ ಪಕ್ಕದಲ್ಲಿ ಕುಳಿತುಕೊಳ್ಳಿ. ಮೊದಲಕ್ಷರ ಹೇಳಿ, ಕಾಯಿರಿ.