ಗಿಟಾರಿನ ಗಾಂಧಾರ

ಗಿಟಾರನ್ನು ಹೊಸದಾಗಿ ಕೈಗೆತ್ತಿಕೊಂಡಾಗ ನಾವು ಮಾಡಿದ ತಪ್ಪೊಂದನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕು. ನಾವು ಮೊದಲು ಕಲಿತ ಸ್ವರಮೇಳ ‘ಇ ಮೇಜರ್’. ಬೆರಳು ನೊಂದರೂ ಮೇಳ ಒದಗಿತು; ಕಿವಿಗೆ ಮಾತ್ರ ಒಗ್ಗಲಿಲ್ಲ. ಚಿಂಚೋಳಿ, ಸೇಡಂ ಕಡೆಯ ಭಜನೆಗಳಲ್ಲಿ ತಂಬೂರಿಯನ್ನು ಕೇಳಿ ಬೆಳೆದ ಕಿವಿಯಲ್ಲವೆ! ಮೂರನೆಯ ತಂತಿಯನ್ನು ತುಸು ಸಡಿಲಿಸಿದೆವು, ಮೇಳ ಇಂಪಾಯಿತು. ಆದರೆ ಮರುಕ್ಷಣವೇ ‘ಸಿ ಮೇಜರ್’ ನುಡಿಸಲು ಅದೇ ತಂತಿ ಅಪಸ್ವರವಾಯಿತು.

ದೋಷ ಕೈಯಲ್ಲಿರಲಿಲ್ಲ, ಮೆಟ್ಟಿಲುಗಳಲ್ಲಿತ್ತು. ಷಡ್ಜಕ್ಕೂ ಗಾಂಧಾರಕ್ಕೂ ಇರುವ ಸಹಜವಾದ ಆವೃತ್ತಿ ಪ್ರಮಾಣ 4:5, ಎಂದರೆ 1.25. ತಂಬೂರಿಯ ಷಡ್ಜದೊಳಗೇ ಈ ಗಾಂಧಾರ ಐದು ಮಡಿ ಆವೃತ್ತಿಯ ಉಪಸ್ವರವಾಗಿ ಕೇಳಿಬರುತ್ತದೆ. ಗಿಟಾರಿನಲ್ಲಾದರೋ ಸ್ಥಾಯಿಯನ್ನು 12 ಸಮಾನ ಅಂತರಗಳಾಗಿ ಹಂಚಿರುವುದರಿಂದ ಒಂದೊಂದು ಮೆಟ್ಟಿಲೂ ಆವೃತ್ತಿಯನ್ನು 1.0595 ಮಡಿ ಏರಿಸುತ್ತದೆ. ನಾಲ್ಕು ಮೆಟ್ಟಿಲಿಗೆ 1.26. ‘ಇ’ ಮೇಳದಲ್ಲಿ ಷಡ್ಜದ ಆವೃತ್ತಿ 164.8, ಅದರ ಐದು ಮಡಿ 824; ಗಾಂಧಾರದ್ದು 207.65, ನಾಲ್ಕು ಮಡಿ 830.6. ಇವೆರಡೂ ಕೂಡಿದಾಗ ಸೆಕೆಂಡಿಗೆ ಆರೇಳು ವಿಸ್ಪಂದಗಳು! ತರಗತಿಯಲ್ಲಿ ವರ್ಷವರ್ಷವೂ ವಿಸ್ಪಂದವನ್ನು ಬೋಧಿಸುವ ನಮಗೆ ಇದು ಹೊಳೆಯಲು ಒಂದು ವಾರ ಹಿಡಿಯಿತು.

ಮೂರನೆಯ ತಂತಿ ‘ಇ’ ಮೇಳದಲ್ಲಿ ಗಾಂಧಾರ, ‘ಸಿ’ ಮೇಳದಲ್ಲಿ ಪಂಚಮ. ಒಂದನ್ನು ತಣಿಸಿದರೆ ಇನ್ನೊಂದು ಮುನಿಯುತ್ತದೆ. ತಂಬೂರಿಗೆ ಷಡ್ಜ ಒಂದೇ ಆದುದರಿಂದ ಈ ಕಷ್ಟವಿಲ್ಲ. ತಂತಿಯನ್ನು ಮೊದಲಿನ ಬಿಗಿಗೇ ತಂದೆವು. ಗಾಂಧಾರ ಈಗಲೂ ಕೊಂಚ ಹುಳಿಯೇ.