ಪರೀಕ್ಷೆಯಾಚೆಗಿನ ಲೆಕ್ಕ: 24 ತಾಸಿನಲ್ಲಿ 5 ತಾಸು

ಚಿತ್ರದುರ್ಗ ಜಿಲ್ಲೆ 2023ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 96.80 ಫಲಿತಾಂಶ ಪಡೆದು ರಾಜ್ಯಕ್ಕೆ ಮೊದಲು ಬಂತು. ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಶೇ 72.85ಕ್ಕೆ ಇಳಿದು 21ನೇ ಸ್ಥಾನಕ್ಕೆ ಹೋಯಿತು. ಈ ಲೆಕ್ಕ ಜಿಲ್ಲೆಯ ಪ್ರತಿ ಶಾಲೆಗೂ ಬಾಯಿಪಾಠ. ಅದೇ ಮಕ್ಕಳ ಜೀವದ ಲೆಕ್ಕಕ್ಕೆ ಅಷ್ಟು ಗಮನ ಸಿಕ್ಕಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಘಟಕದ ಪ್ರಕಾರ 2021ರಲ್ಲಿ ದೇಶದಲ್ಲಿ 18 ವರ್ಷದೊಳಗಿನ 10,732 ಮಕ್ಕಳು ಆತ್ಮಹತ್ಯೆ ಮಾಡಿಕೊಂಡರು. ಪರೀಕ್ಷೆಯಲ್ಲಿ ಅನುತ್ತೀರ್ಣರಾದದ್ದೇ ಕಾರಣವೆಂದು ದಾಖಲಾದದ್ದು 864, ಅಂದರೆ ಶೇ 8. ಕೌಟುಂಬಿಕ ಸಮಸ್ಯೆ 3,233, ಶೇ 30. ಇವು ಪೊಲೀಸ್ ದಾಖಲೆಯ ಕಾರಣಗಳು. ಒಂದು ಜೀವ ಹೋಗುವುದಕ್ಕೆ ಒಂದೇ ಕಾರಣವಿರುವುದು ಅಪರೂಪ. ರಾಜ್ಯದಲ್ಲಿ 2023–24ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂತು. ಅದು ಸರಿಯಾದ ಕ್ರಮ, ಆದರೆ ಅದು ಮುಟ್ಟುವುದು ಮುಖ್ಯವಾಗಿ ಆ ಶೇ 8ನ್ನು.

ಎಲ್ಲ ವಯಸ್ಸಿನವರನ್ನು ಸೇರಿಸಿದರೆ 2021ರ 1,64,033 ಆತ್ಮಹತ್ಯೆಗಳಲ್ಲಿ ಮಹಿಳೆಯರು 45,026, ಶೇ 27. ಹದಿನೆಂಟರೊಳಗೆ ಹೆಣ್ಣುಮಕ್ಕಳ ಪಾಲು ಅರ್ಧವನ್ನು ದಾಟುತ್ತದೆ.

ತಡೆಯಲು ಸಾಧ್ಯವೇ? ಯುರೋಪಿನ 10 ದೇಶಗಳ 168 ಶಾಲೆಗಳಲ್ಲಿ 11,110 ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅದು ಮೂರು ವಿಧಾನಗಳನ್ನು ಪರೀಕ್ಷಿಸಿತು. ಶಿಕ್ಷಕರಿಗೆ ತರಬೇತಿ, ಪ್ರಶ್ನಾವಳಿಯಿಂದ ಮಕ್ಕಳ ತಪಾಸಣೆ – ಇವೆರಡರಿಂದ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನಾಲ್ಕು ವಾರಗಳಲ್ಲಿ ಹಂಚಿದ 5 ತಾಸಿನ ತರಗತಿ ಚಟುವಟಿಕೆಯಿಂದ ಕಂಡಿತು: ವರ್ಷದ ನಂತರ ಹೊಸದಾಗಿ ಆತ್ಮಹತ್ಯೆಗೆ ಯತ್ನಿಸಿದವರು ಶೇ 0.70, ಚಟುವಟಿಕೆ ಇಲ್ಲದ ಗುಂಪಿನಲ್ಲಿ ಶೇ 1.51. ಅದರ ತಿರುಳು ಪಾತ್ರಾಭಿನಯ. ಚಿತ್ರದುರ್ಗದ ಯಲ್ಲದಕೆರೆಯಂಥ ಹಳ್ಳಿಯಲ್ಲಾದರೆ ಒಬ್ಬಳು ಅವ್ವನಾಗುತ್ತಾಳೆ, ಇನ್ನೊಬ್ಬಳು ‘ಶಾಲೆ ಬಿಡಿಸಬೇಡವ್ವ’ ಎನ್ನುವ ಮಗಳು. ಆಮೇಲೆ ಪಾತ್ರ ಅದಲುಬದಲು.

ಯಾರು ನಡೆಸಬೇಕೆಂಬುದಕ್ಕೆ ಬಿಹಾರದ ನಳಂದ ಜಿಲ್ಲೆ ಉತ್ತರ ಕೊಟ್ಟಿದೆ. 2018ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದಲ್ಲಿ ಬೇರೊಂದು ಶಾಲಾ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಶಿಕ್ಷಕರು, ಕೆಲವು ಶಾಲೆಗಳಲ್ಲಿ ತರಬೇತಿ ಪಡೆದ ಸ್ಥಳೀಯ ಆಪ್ತಸಲಹೆಗಾರರು ನಡೆಸಿದರು. ಮಕ್ಕಳ ಖಿನ್ನತೆ ಇಳಿದದ್ದು ಎರಡನೆಯದರಲ್ಲಿ ಮಾತ್ರ. ಅಂಕ ಕೊಡುವವರ ಮುಂದೆ ಮನಸ್ಸು ಬಿಚ್ಚುವುದು ಕಷ್ಟ ಎಂಬುದು ನನ್ನ ಊಹೆ.

ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಗೆ ಇಬ್ಬರು ಶಿಕ್ಷಕರು, ವರ್ಷಕ್ಕೆ 24 ವಾರ, ವಾರಕ್ಕೊಂದು ತಾಸು ನಿಗದಿಯಾಗಿದೆ. ಪಾತ್ರಾಭಿನಯದ ಚಟುವಟಿಕೆಗೆ ಬೇಕಾದದ್ದು ಆ 24ರಲ್ಲಿ 5 ತಾಸು, ಎಂದರೆ ಶೇ 21. ಹೊಸ ಪೀರಿಯಡ್ ಬೇಡ, ಒಬ್ಬರ ಸಂಬಳ ಬೇಕು. ಶಾಲೆಗೆ ವಾರಕ್ಕೊಂದು ದಿನವೆಂದರೂ ಒಬ್ಬ ಆಪ್ತಸಲಹೆಗಾರ್ತಿ 5 ಶಾಲೆಗಳಿಗೆ ಸಾಕಾಗುತ್ತಾರೆ.

2022ರ ಅಕ್ಟೋಬರ್ 10ರಿಂದ ಟೆಲಿ-ಮನಸ್ ಸಹಾಯವಾಣಿ 14416 ಹಗಲಿರುಳು ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ. ಮಕ್ಕಳಿಗೆ 1098 ಇದೆ. ಆದರೆ ಮನೆಯ ಒಂದೇ ಮೊಬೈಲು ಅಪ್ಪನ ಜೇಬಿನಲ್ಲಿದ್ದರೆ, ಶಾಲೆಯ ಗೋಡೆಯ ಮೇಲೆ ಬರೆದ ನಂಬರು ಹುಡುಗಿಯ ಕೈಗೆ ಎಟುಕುವುದಿಲ್ಲ. ಶಾಲೆಯಲ್ಲೇ ಒಂದು ಫೋನು, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಏಕೆಂದು ಕೇಳದೆ ಬೀಗದ ಕೈ ಕೊಡುವ ಒಬ್ಬರು ಇರಬೇಕು.